ಸೋಲುವುದು, ಸೋತಂತೆ ನಟಿಸುವುದು

ಮನೆಗೊಂದು ಫೂಸ್‌ಬಾಲ್ ಟೇಬಲ್ ತರಬೇಕೆಂದು ಹೊರಟವರು ಅಳತೆ ಕೇಳುತ್ತಾರೆ, ಬೆಲೆ ಕೇಳುತ್ತಾರೆ, ಮರ ಗಟ್ಟಿಯೋ ಟೊಳ್ಳೋ ಎಂದು ಬೆರಳಲ್ಲಿ ತಟ್ಟಿ ನೋಡುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳೇ ಅವು. ಆದರೆ ಅವೆಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ. ಆ ಮೇಜಿನ ಒಂದು ಬದಿಗೆ ನಲವತ್ತು ವರ್ಷದ ಅಪ್ಪ ನಿಲ್ಲುತ್ತಾನೆ, ಎದುರಿಗೆ ಏಳು ವರ್ಷದ ಮಗಳು. ಅಪ್ಪ ಮನಸ್ಸಿಟ್ಟು ಆಡಿದರೆ ಮಗಳಿಗೆ ಒಂದು ಗೋಲೂ ದಕ್ಕುವುದಿಲ್ಲ. ಹಾಗಾಗಿ ಅವನು ಗೋಲ್‌ಕೀಪರ್ ಗೊಂಬೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಚೆಂಡಿಗೆ ದಾರಿ ಬಿಡುತ್ತಾನೆ, 'ಅಯ್ಯೋ, ಸೋತೇಬಿಟ್ಟೆನಲ್ಲ' ಎನ್ನುತ್ತಾನೆ, ಮಗಳು ಕುಣಿಯುತ್ತಾಳೆ. ಲೋಕದ ಎಲ್ಲ ಮನೆಗಳಲ್ಲೂ ನಡೆಯುವ ಈ ಸಣ್ಣ ವಂಚನೆ ಪ್ರೀತಿಯೋ ಸುಳ್ಳೋ? ನಮ್ಮ ಶಾಸ್ತ್ರಗಳು ಆಟವನ್ನು ಹಗುರವಾಗಿ ಕಂಡಿಲ್ಲ. ಸೃಷ್ಟಿಯನ್ನೇ ಆಟವೆಂದು ಕರೆದಿವೆ. ಹಾಗಿರುವಾಗ ಈ ಪ್ರಶ್ನೆಯನ್ನು ಧರ್ಮದ ಪ್ರಶ್ನೆಯಾಗಿಯೇ ಎತ್ತಿಕೊಳ್ಳಬಹುದು. ಬಲಶಾಲಿ ಗುಟ್ಟಾಗಿ ಸೋಲುವುದು ಕರುಣೆಯಲ್ಲ, ತನ್ನ ಬಲವನ್ನು ಎಲ್ಲರ ಕಣ್ಣೆದುರು ಕಟ್ಟಿಹಾಕಿಕೊಂಡು ಆಮೇಲೆ ನಿಜವಾಗಿ ಆಡುವುದೇ ಕರುಣೆ ಎಂಬುದು ನನ್ನ ವಾದ. ಮೇಜನ್ನು ಆರಿಸುವುದೂ ಈ ಮಾತಿಗೆ ತಕ್ಕಂತೆಯೇ ಆಗಬೇಕು.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಒಂದು ತಕರಾರು ಬರುತ್ತದೆ. ಯಾರೇ ಆಗಲಿ, ಏನಾದರೂ ಮಾಡುವುದು ಒಂದು ಪ್ರಯೋಜನಕ್ಕಾಗಿ. ಬ್ರಹ್ಮನಿಗೋ ಯಾವ ಕೊರತೆಯೂ ಇಲ್ಲ, ಆದ್ದರಿಂದ ಪಡೆಯಬೇಕಾದ ಪ್ರಯೋಜನವೂ ಇಲ್ಲ. ಹಾಗಾದರೆ ಅವನು ಜಗತ್ತನ್ನು ಸೃಷ್ಟಿಸಿದ್ದೇಕೆ? 33ನೆಯ ಸೂತ್ರ ಕೊಡುವ ಉತ್ತರ, ಲೋಕದಲ್ಲಿ ಕಾಣುವಂತೆ ಅದು ಬರಿಯ ಲೀಲೆ ಎಂಬುದು. ಇದನ್ನು ವಿವರಿಸಲು ಮೂವರು ಆಚಾರ್ಯರೂ ಆರಿಸಿಕೊಂಡ ಹೋಲಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಶಂಕರರು ಎಲ್ಲ ಬಯಕೆಗಳೂ ಈಡೇರಿದ ರಾಜನೊಬ್ಬ ಉದ್ಯಾನದಲ್ಲಿ ವಿಹರಿಸುವುದನ್ನು ಹೇಳಿ, ಉಸಿರಾಟದ ಹೋಲಿಕೆಯನ್ನೂ ಕೊಡುತ್ತಾರೆ: ಉಸಿರು ಯಾವ ಉದ್ದೇಶವನ್ನೂ ಇಟ್ಟುಕೊಂಡು ಓಡಾಡುವುದಿಲ್ಲ, ಅದು ಅದರ ಸ್ವಭಾವ. ಮೇಲುಕೋಟೆಯಲ್ಲಿ ವರ್ಷಗಳ ಕಾಲ ನೆಲೆಸಿದ್ದ ರಾಮಾನುಜರು ಸಪ್ತದ್ವೀಪಗಳನ್ನಾಳುವ ಸಾರ್ವಭೌಮನ ಕೈಗೆ ಚೆಂಡನ್ನು ಕೊಡುತ್ತಾರೆ. ಅವನು ಚೆಂಡಾಡುವುದು ಆಟಕ್ಕಾಗಿ ಮಾತ್ರ. ಉಡುಪಿಯ ಮಧ್ವರು ಸುಖ ಉಕ್ಕಿ ಬಂದವನು ಹಾಡಿ ಕುಣಿಯುವುದನ್ನು ತೋರಿಸುತ್ತಾರೆ. ಬೇರೆ ಎಷ್ಟೋ ವಿಷಯಗಳಲ್ಲಿ ಪಟ್ಟುಹಿಡಿದು ವಾದಿಸುವ ಮೂರು ಮತಗಳು ಇಲ್ಲಿ ಒಂದಾಗುತ್ತವೆ. ಆಟ ಕೊರತೆಯಿಂದ ಹುಟ್ಟುವುದಲ್ಲ, ತುಂಬಿದ್ದು ಹೊರಚೆಲ್ಲುವುದು. ಮಕ್ಕಳ ಬುದ್ಧಿ ಚುರುಕಾಗುತ್ತದೆ, ಕೈಕಣ್ಣಿನ ಹೊಂದಾಣಿಕೆ ಬೆಳೆಯುತ್ತದೆ, ಮೊಬೈಲ್ ಬಿಡುತ್ತಾರೆ ಎಂದು ಲಾಭದ ಪಟ್ಟಿ ಹಿಡಿದು ಆಟದ ಸಾಮಾನು ಕೊಳ್ಳುವ ನಮ್ಮ ಕಾಲಕ್ಕೆ ಈ ಮಾತು ಬೇಕಾಗಿದೆ. ಆ ಲಾಭಗಳು ಬಂದರೆ ಬರಲಿ; ಅವಕ್ಕಾಗಿ ಆಡಿದರೆ ಅದು ಆಟವಾಗದೆ ಮನೆಪಾಠವಾಗುತ್ತದೆ.

ಆದರೆ ಸೂತ್ರಕಾರ ಅಲ್ಲಿಗೆ ನಿಲ್ಲುವುದಿಲ್ಲ, ನನ್ನ ವಾದಕ್ಕೆ ಬೇಕಾದದ್ದು ಇರುವುದು ಅದರ ಮುಂದಿನ ಸೂತ್ರದಲ್ಲಿ. ಲೀಲೆ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಇನ್ನೊಂದು ತಕರಾರು ಏಳುತ್ತದೆ. ಆಡುವವನು ಸರ್ವಶಕ್ತ, ಅವನ ಆಟದಲ್ಲಿ ಸಿಕ್ಕಿಬಿದ್ದವರು ಅಲ್ಪಶಕ್ತರು. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ. ಇದು ಪಕ್ಷಪಾತವಲ್ಲವೇ, ಕ್ರೌರ್ಯವಲ್ಲವೇ? ವೈಷಮ್ಯ, ನೈರ್ಘೃಣ್ಯ ಎಂದು ಸೂತ್ರ ಬಳಸುವ ಎರಡು ಪದಗಳೂ ಚೂಪಾದವು. ಉತ್ತರ ಒಂದೇ ಪದದಲ್ಲಿದೆ: ಸಾಪೇಕ್ಷತೆ. ಈಶ್ವರ ಮನಸ್ಸಿಗೆ ಬಂದಂತೆ ಕೊಡುವುದಿಲ್ಲ, ಜೀವರ ಕರ್ಮವನ್ನು ಅಪೇಕ್ಷಿಸಿ ಕೊಡುತ್ತಾನೆ. ಶಂಕರರು ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲ ಗದ್ದೆಗೂ ಒಂದೇ. ಭತ್ತ ಭತ್ತವಾಗುವುದೂ ಜವೆ ಜವೆಯಾಗುವುದೂ ಬೀಜದಿಂದ. ಕರ್ಮಸಿದ್ಧಾಂತವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಈ ಉತ್ತರದ ಒಳಗಿನ ಕಟ್ಟನ್ನು ಮಾತ್ರ ಗಮನಿಸಿ. ಬಲಶಾಲಿಯ ಆಟ ಕ್ರೌರ್ಯವಾಗದಂತೆ ತಡೆಯುವುದು ಅವನ ಮನಸ್ಸಿನ ಮೃದುತ್ವ ಎಂದು ಸೂತ್ರಕಾರ ಹೇಳಲಿಲ್ಲ. ಅವನ ಇಚ್ಛೆಯ ಹೊರಗಿರುವ, ಅವನನ್ನೂ ಕಟ್ಟುವ ಒಂದು ಅಳತೆ ಅದನ್ನು ತಡೆಯುತ್ತದೆ ಎಂದ. ಮಗಳಿಗೆ ಗುಟ್ಟಾಗಿ ಗೋಲು ಬಿಟ್ಟುಕೊಡುವ ಅಪ್ಪ ಈ ಅಳತೆಯನ್ನೇ ತೆಗೆದುಹಾಕುತ್ತಾನೆ. ಇವತ್ತು ಅವನ ಮನಸ್ಸು ಸರಿಯಿದ್ದರೆ ಮಗಳು ಗೆಲ್ಲುತ್ತಾಳೆ. ಆಫೀಸಿನಿಂದ ಕೆಟ್ಟ ಮುಖ ಹೊತ್ತು ಬಂದ ದಿನ ಸೋಲುತ್ತಾಳೆ. ಅವಳ ಕೈಚಳಕ ಎರಡು ದಿನವೂ ಒಂದೇ ಇತ್ತು. ಮೇಲ್ನೋಟಕ್ಕೆ ಔದಾರ್ಯವಾಗಿ ಕಂಡದ್ದು ಒಳಗೆ ಅಧಿಕಾರವಾಗಿರುತ್ತದೆ.

ಭಾಗವತದ ಹತ್ತನೆಯ ಸ್ಕಂಧದಲ್ಲಿ ಬೇಸಗೆಯ ಒಂದು ದಿನ ಗೊಲ್ಲರ ಹುಡುಗರು ಎರಡು ಪಕ್ಷವಾಗಿ ಆಡುತ್ತಾರೆ, ಕೃಷ್ಣನದೊಂದು ಕಡೆ, ಬಲರಾಮನದೊಂದು ಕಡೆ. ಸೋತವರು ಗೆದ್ದವರನ್ನು ಬೆನ್ನ ಮೇಲೆ ಹೊರಬೇಕು. ಕೃಷ್ಣನ ಪಕ್ಷ ಸೋಲುತ್ತದೆ. ಕೃಷ್ಣ ಶ್ರೀದಾಮನನ್ನು ಹೊತ್ತು ಭಾಂಡೀರವೆಂಬ ಆಲದ ಮರದ ಕಡೆ ನಡೆಯುತ್ತಾನೆ. ಸರ್ವಶಕ್ತನಾದವನು ಸೋಲುವುದೆಂದರೇನು, ಇದೂ ಅಪ್ಪನ ನಟನೆಯಂಥದ್ದೇ ಅಲ್ಲವೇ ಎಂದು ಕೇಳಬಹುದು. ನನ್ನ ಓದು ಬೇರೆ. ಗೊಲ್ಲರ ಹುಡುಗನ ಮೈ, ಗೊಲ್ಲರ ಹುಡುಗನ ತೋಳು, ಗೊಲ್ಲರ ಹುಡುಗರ ಆಟದ ನಿಯಮ, ಇಷ್ಟನ್ನು ಅವನು ಮೊದಲೇ ಒಪ್ಪಿಕೊಂಡು ಬಂದಿದ್ದಾನೆ. ಆ ಮಿತಿಯೊಳಗೆ ನಿಂತ ಮೇಲೆ ಸೋಲು ನಿಜವಾದ ಸೋಲೇ. ಬೆನ್ನ ಮೇಲಿನ ಭಾರವೂ ನಿಜವಾದ ಭಾರವೇ. ಇದು ಹೌದೆನ್ನಲು ಅದೇ ಪ್ರಸಂಗದಲ್ಲಿ ಇನ್ನೊಬ್ಬ ಸೋತವನಿದ್ದಾನೆ. ಗೊಲ್ಲರ ವೇಷ ಹಾಕಿ ಕೃಷ್ಣನ ಪಕ್ಷ ಸೇರಿದ ಪ್ರಲಂಬಾಸುರ ನಿಯಮದಂತೆಯೇ ಬಲರಾಮನನ್ನು ಹೊರುತ್ತಾನೆ. ಆದರೆ ಅವನು ಆಡಲು ಬಂದವನಲ್ಲ, ಮನಸ್ಸಿನಲ್ಲಿ ಬೇರೆಯೇ ಲೆಕ್ಕವಿದೆ. ಹಾಗಾಗಿ ಇಳಿಸಬೇಕಾದ ಗಡಿ ಬಂದರೂ ಇಳಿಸದೆ ದಾಟಿ ಓಡುತ್ತಾನೆ. ಮಗಳನ್ನು ಗೆಲ್ಲಿಸುವ ಅಪ್ಪನನ್ನು ಅಸುರನಿಗೆ ಹೋಲಿಸುವುದು ಅನ್ಯಾಯ. ಒಬ್ಬನದು ಕೊಲ್ಲುವ ಉದ್ದೇಶ, ಇನ್ನೊಬ್ಬನದು ನಗಿಸುವ ಉದ್ದೇಶ. ನಾನು ತೋರಿಸುತ್ತಿರುವುದು ಇಷ್ಟನ್ನೇ: ಆಟದ ಒಳಗಿದ್ದು ಸೋಲುವುದಕ್ಕೂ ಆಟದ ಹೊರಗೆ ನಿಂತು ಸೋತಂತೆ ಕಾಣುವುದಕ್ಕೂ ಇರುವ ಗೆರೆಯನ್ನು ಭಾಗವತಕಾರ ಎರಡು ಬೆನ್ನುಗಳನ್ನು ಪಕ್ಕಪಕ್ಕದಲ್ಲಿಟ್ಟು ಎಳೆದಿದ್ದಾನೆ.

ಆಟದಲ್ಲಿ ಸತ್ಯದ ಮಾತೇಕೆ, ಆಟವೇ ಒಂದು ನಟನೆಯಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಮರದ ಗೊಂಬೆಯನ್ನು ಆಟಗಾರ ಎನ್ನುತ್ತೇವೆ, ಹಸಿರು ಹಲಗೆಯನ್ನು ಮೈದಾನ ಎನ್ನುತ್ತೇವೆ. ಇಷ್ಟೆಲ್ಲ ಸುಳ್ಳಿನ ನಡುವೆ ಅಪ್ಪನದೂ ಒಂದು ಸುಳ್ಳು ಸೇರಿದರೆ ಏನಾಯಿತು? ಹಾಲೆಂಡಿನ ಇತಿಹಾಸಕಾರ ಯೋಹಾನ್ ಹೈಸಿಂಗಾ 1938ರಲ್ಲಿ ಆಟದ ಬಗ್ಗೆ ಬರೆದ ಪುಸ್ತಕದಲ್ಲಿ ಮೋಸಗಾರನಿಗೂ ಆಟಗೆಡುಕನಿಗೂ ವ್ಯತ್ಯಾಸ ಹೇಳುತ್ತಾನೆ. ಮೋಸಗಾರ ಕದ್ದು ನಿಯಮ ಮುರಿದರೂ ಆಟದ ವೃತ್ತಕ್ಕೆ ಮರ್ಯಾದೆ ಕೊಟ್ಟಿರುತ್ತಾನೆ. ಆಟಗೆಡುಕ ಆ ವೃತ್ತವನ್ನೇ ಅಳಿಸುತ್ತಾನೆ. ಕೆನಡಾದಲ್ಲಿ ಪಾಠ ಹೇಳುತ್ತಿದ್ದ ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರ 'ದಿ ಗ್ರಾಸ್‌ಹಾಪರ್' ಕೃತಿಯಲ್ಲಿ ಇವರ ಜೊತೆಗೆ ಮೂರನೆಯವನೊಬ್ಬನನ್ನು ಗುರುತಿಸುತ್ತಾನೆ: ಎಲ್ಲ ನಿಯಮವನ್ನೂ ಪಾಲಿಸುತ್ತಾನೆ, ಆದರೆ ಗೆಲ್ಲಲು ಪ್ರಯತ್ನಿಸುವುದಿಲ್ಲ. ಸೂಟ್ಸ್‌ನ ಲೆಕ್ಕದಲ್ಲಿ ಅವನು ಆಡುತ್ತಲೇ ಇಲ್ಲ. ಗುಟ್ಟಾಗಿ ಸೋಲುವ ಅಪ್ಪ ಈ ಮೂರನೆಯವನು. ಮೈದಾನ ಸುಳ್ಳಾಗಿರಬಹುದು, ಗೊಂಬೆಗಳು ಸುಳ್ಳಾಗಿರಬಹುದು, ಆ ಸುಳ್ಳುಗಳು ಇಬ್ಬರಿಗೂ ಗೊತ್ತು. ಆದ್ದರಿಂದ ಅವು ಒಪ್ಪಂದ. ಆಟದೊಳಗೆ ನಿಜವಾಗಿರುವುದು ಒಂದೇ, ಎದುರಿಗಿರುವವರ ಪ್ರಯತ್ನ. ಅದನ್ನೂ ಸುಳ್ಳು ಮಾಡಿದರೆ ಮಗಳು ಒಬ್ಬಳೇ ಆಡುತ್ತಿರುತ್ತಾಳೆ, ಅದು ಅವಳಿಗೆ ಗೊತ್ತಿರುವುದಿಲ್ಲ. ಪ್ರಿಯವಾದ ಸುಳ್ಳನ್ನೂ ಆಡಬಾರದು, ಅಪ್ರಿಯವಾದ ಸತ್ಯವನ್ನೂ ಆಡಬಾರದು ಎಂಬ ಮನುಸ್ಮೃತಿಯ ಮಾತು ಇಲ್ಲಿ ಇಕ್ಕಟ್ಟಿಗೆ ಸಿಕ್ಕಿಸುವಂತೆ ಕಾಣುತ್ತದೆ: ಗೆಲ್ಲಿಸಿದರೆ ಪ್ರಿಯವಾದ ಸುಳ್ಳು, ಹತ್ತು ಸೊನ್ನೆಯಿಂದ ಸೋಲಿಸಿದರೆ ಅಪ್ರಿಯವಾದ ಸತ್ಯ. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಆಡುವವನ ಮನಸ್ಸಿನಲ್ಲಿಲ್ಲ, ಆಟದ ಏರ್ಪಾಟಿನಲ್ಲಿದೆ.

ಏಳು ವರ್ಷದ ಮಗುವಿಗೆ ಇಷ್ಟೆಲ್ಲ ತತ್ತ್ವ ಹೇರಬೇಕೆ, ಪುಟ್ಟ ಹೃದಯ ಮುರಿಯದಿದ್ದರೆ ಸಾಕಲ್ಲ ಎನ್ನುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಅವರು ಯಶೋದೆಯ ಹಗ್ಗವನ್ನು ನೆನಪಿಸಬಹುದು. ಒರಳಿಗೆ ಕಟ್ಟಲು ಹೋದ ತಾಯಿಗೆ ಪ್ರತಿ ಸಲವೂ ಹಗ್ಗ ಎರಡು ಬೆರಳು ಕಡಿಮೆ ಬೀಳುತ್ತದೆ. ಅವಳು ಬೆವರಿ ಬಸವಳಿದದ್ದನ್ನು ಕಂಡು ಕೃಷ್ಣ ಕಟ್ಟಿಸಿಕೊಳ್ಳುತ್ತಾನೆ. ದೇವರೇ ಪ್ರೀತಿಗೆ ಸೋತನಲ್ಲ? ಸೋತ, ನಿಜ. ಆದರೆ ಹೇಗೆ ಸೋತ ಎಂಬುದನ್ನು ನೋಡಬೇಕು. ಹಗ್ಗ ಎಲ್ಲರ ಕಣ್ಣಿಗೂ ಕಾಣುತ್ತದೆ, ಗಂಟು ಬಿಗಿಯಾಗಿದೆ, ಅವನು ಒರಳನ್ನು ಎಳೆದುಕೊಂಡೇ ಅಂಗಳ ದಾಟಬೇಕು. ದಾಮೋದರ ಎಂಬ ಹೆಸರೇ ಹೊಟ್ಟೆಗೆ ಸುತ್ತಿದ ಆ ಹಗ್ಗದಿಂದ ಬಂದದ್ದು. ಪ್ರಾಣಿಗಳಲ್ಲೂ ಇದರ ನೆರಳಿದೆ. ದೊಡ್ಡ ನಾಯಿ ಮರಿಯ ಜೊತೆ ಆಡುವಾಗ ನೆಲಕ್ಕೆ ಬಿದ್ದು ಹೊಟ್ಟೆ ತೋರಿಸುತ್ತದೆ, ಕಚ್ಚಿದರೂ ಹಲ್ಲೂರುವುದಿಲ್ಲ. ಅದು ತನ್ನನ್ನು ಕುಗ್ಗಿಸಿಕೊಳ್ಳುತ್ತದೆ, ಆದರೆ ಬಚ್ಚಿಟ್ಟುಕೊಂಡಲ್ಲ. ಮಕ್ಕಳ ಹೃದಯದ ಮಾತಿಗೆ ಬಂದರೆ, ಸುಳ್ಳು ಗೆಲುವು ಹೆಚ್ಚು ದಿನ ಬಾಳುವುದಿಲ್ಲ. ಒಂದು ದಿನ ಮಗು ಅಪ್ಪನ ಕೈಯನ್ನು ಗಮನಿಸುತ್ತದೆ. ಅಂದು ಹಿಂದಿನ ಎಲ್ಲ ಗೆಲುವುಗಳೂ ಒಟ್ಟಿಗೆ ಕುಸಿಯುತ್ತವೆ, ನಿಜವಾಗಿ ಗೆದ್ದವೂ ಕೂಡ.

ಹಾಗಾದರೆ ಅದೃಷ್ಟದ ಆಟವೇ ಒಳ್ಳೆಯದಲ್ಲವೇ? ಪರಮಪದ ಸೋಪಾನದಲ್ಲಿ ಅಜ್ಜಿಯೂ ಮೊಮ್ಮಗಳೂ ಪೂರ್ತಿ ಸಮಾನರು. ದಾಳ ಯಾರ ವಯಸ್ಸನ್ನೂ ಕೇಳುವುದಿಲ್ಲ. ಅದು ಸುಂದರವಾದ ಸಮಾನತೆ, ಆದರೆ ಇಬ್ಬರ ಸಾಮರ್ಥ್ಯವನ್ನೂ ಸೊನ್ನೆ ಮಾಡಿ ಪಡೆದದ್ದು. ಹದಿನಾಲ್ಕು ಗುಳಿಗಳ ಚೆನ್ನೆಮಣೆ ಇನ್ನೊಂದು ತುದಿ. ಅಲ್ಲಿ ಎಣಿಕೆ ಬಲ್ಲವರೇ ಗೆಲ್ಲುವುದು. ಚೌಕಾಬಾರ ಇವೆರಡರ ನಡುವೆ ನಿಂತು ಕವಡೆಗೂ ಬುದ್ಧಿಗೂ ಪಾಲು ಕೊಟ್ಟಿದೆ. ನಮ್ಮ ಜಗಲಿಗಳಲ್ಲಿ ಮೂರು ತಲೆಮಾರು ಒಟ್ಟಿಗೆ ಕೂತು ಆಡಲು ಆ ಹದವೂ ಒಂದು ಕಾರಣವಿರಬೇಕು. ಜಪಾನಿನ 'ಗೋ' ಆಟದ್ದು ಮತ್ತೊಂದು ದಾರಿ. ಕಲಿಯುವವನು ಆಟ ಶುರುವಾಗುವ ಮೊದಲೇ ಎರಡರಿಂದ ಒಂಬತ್ತು ಕಾಯಿಗಳನ್ನು ಮಣೆಯ ಮೇಲಿಟ್ಟುಕೊಳ್ಳುತ್ತಾನೆ, ಆಮೇಲೆ ಗುರು ಎಳ್ಳಷ್ಟೂ ಬಿಟ್ಟುಕೊಡದೆ ಆಡುತ್ತಾನೆ. ಆ ಕಾಯಿಗಳು ಯಶೋದೆಯ ಹಗ್ಗದ ಹಾಗೆ, ಎಲ್ಲರಿಗೂ ಕಾಣುತ್ತವೆ.

ಫೂಸ್‌ಬಾಲ್ ಮೇಜಿನ ಹುಟ್ಟಿನಲ್ಲೇ ಇಂಥದೊಂದು ಕಾಣುವ ಮಿತಿ ಇದೆ. ಇದನ್ನು ಕಂಡುಹಿಡಿದವರು ತಾವೆಂದು ಹೇಳಿಕೊಂಡವರು ಹಲವರು. ಇಂಗ್ಲೆಂಡಿನ ಹೆರಾಲ್ಡ್ ಥಾರ್ನ್‌ಟನ್‌ಗೆ 1923ರಲ್ಲೇ ಪೇಟೆಂಟ್ ಸಿಕ್ಕಿತ್ತು. ನನ್ನ ಮನಸ್ಸು ನಿಲ್ಲುವುದು ಸ್ಪೇನಿನ ಅಲೆಹಾಂದ್ರೊ ಫಿನಿಸ್ತೆರ್ರೆ ಎಂಬ ಕವಿಯ ಬಳಿ. ಅಂತರ್ಯುದ್ಧದ ಬಾಂಬ್ ದಾಳಿಯಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ತನ್ನಂತೆಯೇ ಗಾಯಗೊಂಡು ಇನ್ನು ಫುಟ್‌ಬಾಲ್ ಆಡಲಾಗದ ಮಕ್ಕಳನ್ನು ಅಲ್ಲಿ ಕಂಡು, ಟೇಬಲ್ ಟೆನಿಸ್ ಇರುವಾಗ ಟೇಬಲ್ ಫುಟ್‌ಬಾಲ್ ಯಾಕಾಗಬಾರದು ಎಂದು ಯೋಚಿಸಿದೆ, ಬಾಸ್ಕ್ ಬಡಗಿಯೊಬ್ಬನಿಂದ ಮೇಜು ಮಾಡಿಸಿದೆ ಎಂದು ಅವನು ಹೇಳಿಕೊಂಡಿದ್ದಾನೆ. 1937ರಲ್ಲಿ ಪೇಟೆಂಟ್ ಪಡೆದ. ಆ ಮೇಜು ಮಕ್ಕಳಿಗೆ ಯಾರ ಕನಿಕರದ ಗೆಲುವನ್ನೂ ಕೊಡಲಿಲ್ಲ. ಕಾಲಿನ ಬಲ ಲೆಕ್ಕಕ್ಕೆ ಬಾರದ ಒಂದು ಮೈದಾನವನ್ನು ಕೊಟ್ಟಿತು, ಅಷ್ಟೆ. ಅಲ್ಲಿ ಗೆದ್ದವರು ನಿಜವಾಗಿ ಗೆದ್ದರು.

ಮನೆಗೆ ಮೇಜು ಆರಿಸುವಾಗ ಇದನ್ನೇ ಕಣ್ಣಿಟ್ಟು ನೋಡಬೇಕು. ದೊಡ್ಡ ಮೇಜಿನಲ್ಲಿ ಎಂಟು ಸಲಾಕೆಗಳಿರುತ್ತವೆ, ಒಂದು ಪಕ್ಷಕ್ಕೆ ನಾಲ್ಕು. ಗೋಲಿಗೆ ಒಂದು ಗೊಂಬೆ, ಅದರ ಮುಂದೆ ಎರಡು, ನಡುವೆ ಐದು, ಮುಂಚೂಣಿಗೆ ಮೂರು ಎಂಬುದು ಸಾಮಾನ್ಯ ಜೋಡಣೆ. ನಾಲ್ಕು ಸಲಾಕೆಗೆ ಮನುಷ್ಯನಿಗಿರುವುದು ಎರಡೇ ಕೈ. ಆದ್ದರಿಂದ ಅಪ್ಪ ಒಬ್ಬನೇ ಒಂದು ಕಡೆ, ಮಗಳೂ ಅಜ್ಜಿಯೂ ಸೇರಿ ಇನ್ನೊಂದು ಕಡೆ ನಿಂತರೆ ಅವನು ಕೈ ಬದಲಿಸುವಷ್ಟರಲ್ಲಿ ಅವರ ನಾಲ್ಕು ಕೈ ನಾಲ್ಕು ಸಲಾಕೆಯ ಮೇಲೆ ಸಿದ್ಧವಾಗಿರುತ್ತವೆ. ಇದು ಮೇಜಿನೊಳಗೇ ಅಡಗಿರುವ ನ್ಯಾಯ. ಅದು ಕೆಲಸ ಮಾಡಬೇಕಾದರೆ ನಾಲ್ವರು ಆರಾಮವಾಗಿ ನಿಲ್ಲುವಷ್ಟು ಉದ್ದ ಬೇಕು. ಪೂರ್ಣ ಅಳತೆಯ ಮೇಜು ಸುಮಾರು 140 ಸೆಂಟಿಮೀಟರ್ ಉದ್ದ, 75 ಅಗಲ, 90 ಎತ್ತರ ಬರುತ್ತದೆ. ಊಟದ ಮೇಜಿನ ಮೇಲಿಡುವ ಚಿಕ್ಕ ಮಾದರಿ ಅಗ್ಗ, ಜಾಗವೂ ಉಳಿಯುತ್ತದೆ, ಆದರೆ ಅಲ್ಲಿ ಇಬ್ಬರ ಆಟ ಮಾತ್ರ ಸಾಧ್ಯ. ದೊಡ್ಡವರ ಮಣಿಕಟ್ಟಿನ ಬಲಕ್ಕೆ ಎದುರು ನಿಲ್ಲುವ ಜೋಡಿ ಅಲ್ಲಿ ಹುಟ್ಟುವುದಿಲ್ಲ. 90 ಸೆಂಟಿಮೀಟರ್ ಎಂದರೆ ಸಣ್ಣ ಮಗುವಿಗೆ ಎದೆಮಟ್ಟ. ಹಾಗಾಗಿ ಮಗು ಹತ್ತಿ ನಿಲ್ಲಲು ಅಲುಗಾಡದ ಗಟ್ಟಿ ಮಣೆಯೊಂದನ್ನು ಮೇಜಿನ ಜೊತೆಗೇ ಲೆಕ್ಕ ಹಿಡಿಯಬೇಕು. ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಚಾಚಿಕೊಳ್ಳುವ ಸಲಾಕೆಗಿಂತ ತನ್ನೊಳಗೇ ಸರಿಯುವ ಟೆಲಿಸ್ಕೋಪಿಕ್ ಸಲಾಕೆ ಮಕ್ಕಳಿರುವ ಮನೆಗೆ ಸರಿ, ಏಕೆಂದರೆ ದೊಡ್ಡವರು ಜೋರಾಗಿ ತಳ್ಳಿದ ಸಲಾಕೆಯ ತುದಿ ಎದುರಿಗಿರುವ ಮಗುವಿನ ಹೊಟ್ಟೆಗೋ ಮುಖಕ್ಕೋ ಬಡಿಯುತ್ತದೆ. ಮೇಜು ಭಾರವಾಗಿರಲಿ, ಕಾಲುಗಳಲ್ಲಿ ಮಟ್ಟ ಸರಿಪಡಿಸುವ ತಿರುಪು ಇರಲಿ; ನೆಲ ವಾಲಿದ್ದರೆ ಚೆಂಡು ಯಾರದೋ ಪಕ್ಷ ವಹಿಸುತ್ತದೆ. ಗೋಲಿಗೆ ಒಂದೇ ಗೊಂಬೆಯಿರುವ ಮೇಜಾದರೆ ಮೂಲೆಗಳು ಇಳಿಜಾರಾಗಿರಬೇಕು, ಇಲ್ಲದಿದ್ದರೆ ಯಾವ ಗೊಂಬೆಗೂ ಎಟುಕದ ಮೂಲೆಯಲ್ಲಿ ಚೆಂಡು ಸತ್ತು ಕೂರುತ್ತದೆ. ಸಲಾಕೆಯನ್ನು ಗಿರಗಿರನೆ ತಿರುಗಿಸುವುದನ್ನು ಅಂತರರಾಷ್ಟ್ರೀಯ ನಿಯಮಗಳು ನಿಷೇಧಿಸಿವೆ. ಚೆಂಡನ್ನು ಹೊಡೆಯುವ ಮೊದಲಾಗಲಿ ಆಮೇಲಾಗಲಿ ಒಂದು ಪೂರ್ಣ ಸುತ್ತನ್ನು ಮೀರಬಾರದು. ಮನೆಯಲ್ಲೂ ಇದೇ ನಡೆಯಲಿ, ಅಲ್ಲಿ ಬರಿಯ ತೋಳಿನ ಜೋರಿಗೆ ಬೆಲೆ ಇಳಿಯುತ್ತದೆ. ಉಳಿದ ಅಂತರವನ್ನು ಮಾತಿನಲ್ಲೇ, ಆಟಕ್ಕೆ ಮೊದಲೇ ತೀರ್ಮಾನಿಸಬಹುದು: ಮಗಳಿಗೆ ಐದು ಗೋಲಿನ ಮುಂದಾಟ, ಅಥವಾ ಅಪ್ಪ ಎಡಗೈ ಮಾತ್ರ ಬಳಸುವುದು. ಆಮೇಲೆ ಅಪ್ಪ ಹಲ್ಲುಕಚ್ಚಿ ಆಡಲಿ.

ಕೊನೆಯದಾಗಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಬಹಿರಂಗ ನಿಯಮವೇ ನ್ಯಾಯವಾದರೆ ಹಸ್ತಿನಾವತಿಯ ಜೂಜು ಏನಾಯಿತು? ಅಲ್ಲೂ ಎಲ್ಲವೂ ತುಂಬಿದ ಸಭೆಯಲ್ಲಿ, ಎಲ್ಲರ ಒಪ್ಪಿಗೆಯಲ್ಲಿ ನಡೆಯಿತು. ಪಣ ದುರ್ಯೋಧನನದು, ಕೈ ಶಕುನಿಯದು ಎಂಬುದೂ ಬಹಿರಂಗವೇ. ಹೌದು, ಕಾಣುವಂತಿದ್ದ ಮಾತ್ರಕ್ಕೆ ನಿಯಮ ಧರ್ಮವಾಗುವುದಿಲ್ಲ. ಆ ಸಭೆಯಲ್ಲಿ ನಿಯಮ ಬಲವನ್ನು ಕಟ್ಟಲಿಲ್ಲ, ಬಲಕ್ಕೆ ಇನ್ನೊಂದು ಕೈ ಜೋಡಿಸಿತು. ಪಣ ಆಟದ ಹೊರಗಿನ ಬದುಕನ್ನೇ ನುಂಗಿತು. ಸೋಲುತ್ತಿದ್ದವನು ಎದ್ದು ಹೋಗಲಾರದೆ ಹೋದ. ಕರ್ಣಾಟ ಭಾರತ ಕಥಾಮಂಜರಿಯನ್ನು ಗಮಕದಲ್ಲಿ ಕೇಳಿ ಬೆಳೆದ ನಾಡಿಗೆ ಆ ಸಭೆಯ ಉಸಿರುಗಟ್ಟುವಿಕೆಯನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ನಾನು ಹೇಳುವ ನಿಯಮ ಇನ್ನೂ ಇಕ್ಕಟ್ಟಾದದ್ದು: ಅದು ಕಟ್ಟಬೇಕಾದದ್ದು ದೊಡ್ಡವರನ್ನು, ಸಾಕು ಎನ್ನುವ ಹಕ್ಕು ಇರಬೇಕಾದದ್ದು ಚಿಕ್ಕವರಿಗೆ. ಅಳುತ್ತಾ ಮಗು ಮೇಜು ಬಿಟ್ಟು ಹೋದರೆ ಆ ಆಟ ಅಲ್ಲಿಗೆ ಮುಗಿಯಿತು, ಮತ್ತೆ ಕರೆತಂದು ನಿಲ್ಲಿಸುವಂತಿಲ್ಲ.

ಹೀಗೆ ನಡೆದ ಮನೆಯಲ್ಲಿ ಮುಂದಾಟದ ಐದು ಗೋಲು ಒಂದು ದಿನ ನಾಲ್ಕಾಗುತ್ತದೆ. ಅದನ್ನು ಮಗಳೇ ಕೇಳಿ ಇಳಿಸಿಕೊಳ್ಳುತ್ತಾಳೆ, ಏಕೆಂದರೆ ಹಿಂದಿನ ಗೆಲುವುಗಳು ನಿಜವಾದವು ಎಂದು ಅವಳಿಗೆ ಗೊತ್ತು. ಮುಂದಿನ ವರ್ಷಗಳಲ್ಲಿ ಎರಡು, ಒಂದು, ಆಮೇಲೆ ಸೊನ್ನೆ. ಮೇಜು ಗಟ್ಟಿಯದಾಗಿದ್ದು ಇನ್ನೂ ಮನೆಯಲ್ಲಿದ್ದರೆ, ಅಪ್ಪನ ಮಣಿಕಟ್ಟು ಸೋಲುವ ಕಾಲವೂ ಬರುತ್ತದೆ. ಆಗ ಅವಳು ಗೋಲ್‌ಕೀಪರ್ ಗೊಂಬೆಯನ್ನು ಕದ್ದು ಸರಿಸುವುದಿಲ್ಲ. ಸಲಾಕೆಗೆ ಕೈ ಹಾಕುವ ಮೊದಲೇ, 'ಅಪ್ಪಾ, ಇವತ್ತು ನಿಮಗೆ ಎಷ್ಟು ಗೋಲು ಮುಂದಾಟ?' ಎಂದು ಕೇಳುತ್ತಾಳೆ, ಅವನು ಲೆಕ್ಕ ಹಾಕಿ 'ಎರಡು ಸಾಕು' ಎನ್ನುತ್ತಾನೆ.